ಮುರಳಿಮೋಹನನ ಹೆಬ್ಬೆರಳು

“ಇನ್ನು ಮೇಲೆ ಈ ಮನೆಯಲ್ಲಿ ಬೀಗದ ಕೈ ಅನ್ನೋ ಮಾತೇ ಎತ್ತಬಾರದು!”

ಯುಗಾದಿ ಕಳೆದ ಮೂರನೆಯ ದಿನ, ಶ್ರೀನಿವಾಸಪುರದ ತನ್ನ ಮನೆಯ ಜಗಲಿಯ ಮೇಲೆ ನಿಂತು, ಮಾವಿನ ಮಂಡಿಯ ಮಾಲೀಕ ಮುರಳಿಮೋಹನ ಹೀಗೆ ಘೋಷಿಸಿದ. ಹಿಂದೆ ಮಹಾರಾಜರು ಕಂದಾಯ ಮನ್ನಾ ಮಾಡುವಾಗ ಇದೇ ಧ್ವನಿಯಲ್ಲಿ ಮಾತಾಡುತ್ತಿದ್ದಿರಬೇಕು. ಅವನ ಎಡಗೈಯಲ್ಲಿದ್ದದ್ದು ತಾಯಿ ಬೈರಮ್ಮ ನಲವತ್ತು ವರ್ಷ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಿದ ಕಬ್ಬಿಣದ ಬೀಗದ ಕೈ. ಬಲಗೈ ತೋರಿಸುತ್ತಿದ್ದದ್ದು ಬಾಗಿಲಿಗೆ ಆಗಷ್ಟೇ ಕೂಡಿಸಿದ್ದ ಹೊಸ ಬೀಗವನ್ನು. ಅದಕ್ಕೆ ತೂತಿಲ್ಲ, ಕೊಂಡಿಯಿಲ್ಲ, ಗುಂಡಿಯಿಲ್ಲ. ಅಂಗೈಯಗಲದ ಒಂದು ಕರಿಗಾಜು, ಅಷ್ಟೆ.

“ಇದರಲ್ಲಿ ಹಿಡ್ಕೊಳ್ಳೋದು ಎಲ್ಲಿ?” ಎಂದು ಹೆಂಡತಿ ಚಂದನ ಕೇಳಿದಳು.

“ಹಿಡ್ಕೊಳ್ಳೋದೇನೂ ಇಲ್ಲ ಕಣೇ, ಅದೇ ಇದರ ಅಂದ! ಹೆಬ್ಬೆರಳಿಟ್ರೆ ಸಾಕು, ಹೆಸರು ಹಿಡಿದು ಕರೆದು ಬಾಗಿಲು ತೆಗೆಯುತ್ತೆ. ಬೆರಳು ಬೇಡ ಅಂದ್ರೆ ನಂಬರ್ ಒತ್ತು. ನಂಬರ್ರೂ ಬೇಡ ಅಂದ್ರೆ ನನ್ನ ಫೋನಿಂದ ತೆಗೀಬಹುದು, ಆಗ ಮಾತ್ರ ಹೆಸರು ಹೇಳೊಲ್ಲ, ಸುಮ್ನೆ ತೆಗೆಯುತ್ತೆ. ಬಾಗಿಲು ಮುಚ್ಚಿದ ಮೂವತ್ತು ಸೆಕೆಂಡಿಗೆ ತಾನೇ ಬೀಗ ಹಾಕ್ಕೊಳ್ಳುತ್ತೆ. ಇನ್ನು ಈ ಮನೇಲಿ ಕಳ್ಳತನಾನೂ ನಡೆಯೊಲ್ಲ, ಸುಳ್ಳೂ ನಡೆಯೊಲ್ಲ!”

ಈ ಕೊನೆಯ ಮಾತನ್ನು ಓದುವವರು ನೆನಪಿನಲ್ಲಿಡಬೇಕು. ಆಡಿದವನು ಇಡಲಿಲ್ಲ.

ಮನೆಯವರ ಬೆರಳಚ್ಚನ್ನು ಬೀಗಕ್ಕೆ ಕಲಿಸುವ ಕಾರ್ಯಕ್ರಮ ಆಗಲೇ ನಡೆಯಿತು. ಮುರಳಿಮೋಹನನ ಹೆಬ್ಬೆರಳನ್ನು ಬೀಗ ಒಂದೇ ಏಟಿಗೆ ಒಪ್ಪಿ, “ವೆಲ್‌ಕಮ್, ಮುರಾಲಿ ಮೋಹಾನ್!” ಎಂದಿತು. ಚಂದನಳದನ್ನು ನಾಲ್ಕನೆಯ ಸಲಕ್ಕೆ ಒಪ್ಪಿತು. ಬೈರಮ್ಮನದನ್ನು ಮಾತ್ರ ಒಪ್ಪಲಿಲ್ಲ. ಹತ್ತು ಬೆರಳನ್ನೂ ಒಂದೊಂದಾಗಿ ಒತ್ತಿಸಿದ್ದಾಯಿತು. ಹತ್ತು ಸಲವೂ ಒಳಗಿಂದ ಒಂದು ಹೆಣ್ಣುದನಿ ಇಂಗ್ಲಿಷಿನಲ್ಲಿ “ಸಾರಿ! ಪ್ಲೀಸ್ ಟ್ರೈ ಎಗೇನ್!” ಎಂದಿತು.

“ಯಾರೇ ಅವಳು, ಒಳಗೆ ಕೂತಿರೋಳು? ಏನಂತಾಳೆ?”

“ಕ್ಷಮಿಸಿ, ಇನ್ನೊಂದ್ಸಲ ಬೆರಳಿಡಿ ಅಂತಾಳೆ ಅತ್ತೆ.”

“ರೇಷನ್ ಡಿಪೋ ಮಿಷನ್ನೂ ನನ್ನ ಬೆರಳು ಒಪ್ಪೊಲ್ಲ. ಅದಕ್ಕಿಂತ ಇವಳೇ ವಾಸಿ, ಕ್ಷಮೆ ಆದ್ರೂ ಕೇಳ್ತಾಳೆ.”

ಐವತ್ತು ವರ್ಷ ರಾಗಿ ಹೊಲದಲ್ಲಿ ಕಳೆ ಕಿತ್ತು, ಹುಣಸೆಹಣ್ಣು ಬಿಡಿಸಿ, ಬೂದಿಯಲ್ಲಿ ಪಾತ್ರೆ ತಿಕ್ಕಿದ ಬೆರಳುಗಳವು. ಅವುಗಳ ಮೇಲೆ ಗೆರೆ ಎಂಬುದು ಉಳಿದಿದ್ದರೆ ಅದು ಬ್ರಹ್ಮ ಬರೆದದ್ದಲ್ಲ, ಈಳಿಗೆಮಣೆ ಬರೆದದ್ದು.

“ಹೋಗ್ಲಿ ಬಿಡಮ್ಮ, ನೀನು ಹೆಂಗಿದ್ರೂ ಮನೇಲೇ ಇರ್ತೀಯ. ನಿಂಗ್ಯಾಕೆ ಬೀಗ?” ಎಂದ ಮಗ.

“ಒಳಗಿರೋ ದಿನ ಬೇಡ ಕಣೋ. ಆಚೆ ನಿಂತ ದಿನ?”

ಅದಕ್ಕೂ ಮುರಳಿಮೋಹನನ ಬಳಿ ಉತ್ತರವಿತ್ತು. ಆಪತ್ಕಾಲಕ್ಕೆಂದು ಬೀಗದ ಜೊತೆ ಒಂದು ಪುಟ್ಟ ಕೀಲಿ ಬಂದಿತ್ತು. ಇರುವೆ ಸಾಲಿನಂಥ ಅಕ್ಷರಗಳ ಅರುವತ್ತು ಪುಟದ ಸೂಚನಾ ಪುಸ್ತಕದೊಳಗೆ ಅದನ್ನಿಟ್ಟು, ಪುಸ್ತಕವನ್ನು ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಬೀರುವಿನಲ್ಲಿ ಭದ್ರ ಮಾಡಿದ. ಬೀರು ಮನೆಯೊಳಗಿತ್ತು.

ಮಾವಿನ ಸುಗ್ಗಿ ಬಂತು. ಕಾಯಿಯ ತೊಟ್ಟು ಮುರಿದಾಗ ಚಿಮ್ಮುವ ಸೊನೆ ಎಂಥದೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಮೈಗೆ ಬಿದ್ದರೆ ಸುಡುತ್ತದೆ, ಸುಟ್ಟಲ್ಲಿ ಕಪ್ಪಾಗುತ್ತದೆ, ಕಪ್ಪಾದಲ್ಲಿ ಸಿಪ್ಪೆ ಸುಲಿಯುತ್ತದೆ. ಮಂಡಿಯಲ್ಲಿ ಕಾಯಿ ಆರಿಸುವ ಮುನಿಯಲ್ಲಮ್ಮ ಮತ್ತವಳ ಜೊತೆಗಾರ್ತಿಯರ ಬೆರಳುಗಳು ಜೂನ್ ಹೊತ್ತಿಗೆ ಹಳೆಯ ಪಾತ್ರೆಯ ತಳದಂತಾಗಿರುತ್ತವೆ.

ಮುರಳಿಮೋಹನನ ಕೆಲಸ ಅದಕ್ಕಿಂತ ಕಠಿಣವಾದದ್ದು. ಅವನು ಫ್ಯಾನಿನ ಕೆಳಗೆ ಕುರ್ಚಿ ಹಾಕಿಕೊಂಡು, “ಆ ಕ್ರೇಟು ಈ ಕಡೆ! ಈ ಕ್ರೇಟು ಆ ಕಡೆ!” ಎಂದು ಬೆಳಗಿನಿಂದ ಸಂಜೆಯವರೆಗೆ ಕೂಗಬೇಕು. ಅವನಪ್ಪ ಚನ್ನರಾಯಪ್ಪನವರ ಕಾಲದಲ್ಲಿ ದರ ಕುದುರಿಸುವುದು ಟವಲಿನ ಕೆಳಗೆ ನಡೆಯುತ್ತಿತ್ತಂತೆ. ಒಬ್ಬರ ಕೈ ಇನ್ನೊಬ್ಬರು ಹಿಡಿದು, ಬೆರಳು ಒತ್ತಿ ದರ ಹೇಳುವುದು. ಪಕ್ಕದಲ್ಲಿ ನಿಂತವನಿಗೂ ಸುಳಿವು ಸಿಗುತ್ತಿರಲಿಲ್ಲ, ಕಣ್ಣು ಕಾಣದವನಿಗೂ ಮೋಸವಾಗುತ್ತಿರಲಿಲ್ಲ. ಆ ವಿದ್ಯೆ ಅವರೊಂದಿಗೇ ಹೋಯಿತು. ಟವಲ್ ಮಾತ್ರ ಮಗನ ಹೆಗಲ ಮೇಲೆ ಉಳಿದಿದೆ.

ಹೀಗಿರುವಾಗ ಒಂದು ಸಂಜೆ ಚಂದನ ಅವನ ಮುಂದೆ ಇನ್ನೂರು ಹುಳಿಮಾವಿನ ಕಾಯಿ ಸುರಿದಳು.

“ನಾಳೆ ಆವಕಾಯಿ ಹಾಕ್ಬೇಕು. ತೊಳೆದು ಒರೆಸಿ ಒಣಗಿಸೋದು ನನಗಿರ್ಲಿ. ಓಟೆ ಸಮೇತ ಹೋಳು ಮಾಡೋದು ಗಂಡಸರ ಕೆಲಸ. ಬೇಗ ಬನ್ನಿ. ಹೋದ ವಾರ ತೊಕ್ಕಿಗೆ ನಾನೇ ಹೆಚ್ಚಿ ಬೆರಳು ಹೆಂಗಾಗಿದೆ ನೋಡಿ. ನಿಮ್ಮ ಬೀಗ ನನ್ನ ಬೆರಳು ಒಪ್ಪೋದೇ ನಿಲ್ಲಿಸಿಬಿಡ್ತು.”

ಅವಳ ಹೆಬ್ಬೆರಳಿನ ತುದಿ ಸುಲಿದು ಬೆಳ್ಳಗಾಗಿತ್ತು. ಅದನ್ನು ಕಂಡದ್ದೇ ಮುರಳಿಮೋಹನನ ಬುದ್ಧಿಗೆ ಮಿಂಚು ಹೊಡೆಯಿತು.

“ಅಯ್ಯೋ, ನಂದೂ ಅದೇ ಕಥೆ ಕಣೇ! ನಿನಗೆ ಹೇಳಿದ್ರೆ ನೊಂದ್ಕೊಳ್ತೀಯ ಅಂತ ಸುಮ್ನಿದ್ದೆ. ದಿನಾ ಕ್ರೇಟು ಎತ್ತಿ ಎತ್ತಿ, ಸೊನೆ ಬಿದ್ದು ಬಿದ್ದು, ಬೆರಳು ಸವೆದೇ ಹೋಗಿದೆ. ಆ ಬೀಗ ನನ್ನೂ ಗುರುತು ಹಿಡೀತಿಲ್ಲ. ದಿನಾ ಫೋನಿಂದ್ಲೇ ತೆಗೀತಿದೀನಿ. ಈ ಕೈಲಿ ಈಳಿಗೆಮಣೆ ಮುಂದೆ ಕೂತ್ರೆ…” ಎಂದು ಅರ್ಧಕ್ಕೆ ನಿಲ್ಲಿಸಿ ನಿಟ್ಟುಸಿರುಬಿಟ್ಟ. ಕೈಯನ್ನು ಮಾತ್ರ ಟವಲಿನೊಳಗಿಟ್ಟುಕೊಂಡ.

ಸಂಜೆ ಅವನು ಮನೆಗೆ ಬರುವಾಗ ಬೈರಮ್ಮ ಬಾಗಿಲು ತೆರೆದುಕೊಂಡು ಜಗಲಿಯ ಮೇಲೆಯೇ ಕೂತಿರುತ್ತಿದ್ದುದರಿಂದ, ಅವನು ಬೆರಳನ್ನೂ ಬಳಸಿರಲಿಲ್ಲ, ಫೋನನ್ನೂ ಬಳಸಿರಲಿಲ್ಲ. ಆದ್ದರಿಂದ ಸುಳ್ಳು ಸಲೀಸಾಗಿ ನಿಂತಿತು. ನಿಂತದ್ದಷ್ಟೇ ಅಲ್ಲ, ಚಂದನ ಕರಗಿಹೋದಳು! ಊಟವಾದ ಮೇಲೆ ಕೊಬ್ಬರಿ ಎಣ್ಣೆ ತಂದಳು. ದೀಪ ಹಾಕಲು ಹೋದವಳನ್ನು ಅವನು “ಕಣ್ಣು ಉರಿ ಕಣೇ” ಎಂದು ತಡೆದ. ಕತ್ತಲಲ್ಲೇ ಅವಳು ಹತ್ತು ಬೆರಳಿಗೂ ಎಣ್ಣೆ ತಿಕ್ಕಿದಳು. ಸುಲಿದ ತನ್ನ ಬೆರಳಿಗೆ ಅವನ ಬೆರಳಿನ ನುಣುಪು ಅವಳಿಗೆ ತಿಳಿಯಲಿಲ್ಲ. ಮುರಳಿಮೋಹನ ಕಣ್ಣುಮುಚ್ಚಿ, ಬುದ್ಧಿವಂತನಾಗಿ ಹುಟ್ಟಿಸಿದ್ದಕ್ಕೆ ದೇವರಿಗೆ ಕೃತಜ್ಞತೆ ಸಲ್ಲಿಸಿದ.

ಮಾರನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಮಂಡಿಯಲ್ಲಿ ಅವನ ಫೋನು ಬಡಿದುಕೊಂಡಿತು. ಎದುರುಮನೆಯ ಸುಬ್ಬರಾಯಪ್ಪ, ಅಂಚೆ ಇಲಾಖೆಯಿಂದ ನಿವೃತ್ತರಾದವರು.

“ಮುರಳಿ, ಓಡಿ ಬಾರಪ್ಪ! ನಿಮ್ಮತ್ತೆ ಸೊಸೆ ಇಬ್ರೂ ಆಚೆ ಇದಾರೆ, ಬಾಗಿಲು ಹಾಕ್ಕೊಂಡುಬಿಟ್ಟಿದೆ!”

“ನಮ್ಮತ್ತೆ ಸುಗಟೂರಲ್ಲಿ ಇದಾರಲ್ಲ ಸುಬ್ಬರಾಯಣ್ಣ?”

“ಲೇ, ನಿಮ್ಮಮ್ಮ ಕಣೋ! ಒಳಗೆ ಒಲೆ ಮೇಲೆ ಕುಕ್ಕರ್ ಇದೆ. ಐದು ಕೂಗಾಯ್ತು!”

ಐದು ನಿಮಿಷದಲ್ಲಿ ಮುರಳಿಮೋಹನ ಸ್ಕೂಟರಿನಲ್ಲಿ ಬಂದಿಳಿದಾಗ ಏಳಾಗಿತ್ತು. ಜಗಲಿಯ ಮೇಲೆ ಹಳೆಯ ಪಂಚೆ ಹಾಸಿ ಇನ್ನೂರು ಕಾಯಿ ಹರವಿದ್ದರು. ಅತ್ತೆ ಸೊಸೆ ಕೂತು ಒಂದೊಂದನ್ನೇ ಒರೆಸುತ್ತಿದ್ದಾಗ ಗಾಳಿ ಬೀಸಿ ಬಾಗಿಲು ಮುಚ್ಚಿತಂತೆ. ಮೂವತ್ತು ಸೆಕೆಂಡಿಗೆ ಸರಿಯಾಗಿ, ಅವನು ಹೊಗಳಿದ್ದ ಹಾಗೆಯೇ, ಬೀಗ ಬಿದ್ದಿತಂತೆ. ಹಿತ್ತಿಲ ಬಾಗಿಲಿಗೆ ಒಳಗಿನಿಂದ ಅಗುಳಿ. ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು. ಸಿಲಿಂಡರ್ ಅಡುಗೆಮನೆಯೊಳಗೆ. ಚಂದನಳ ಫೋನೂ ಒಳಗೆ.

“ನಂಬರ್ ಒತ್ತೋದಲ್ವೇನೇ?”

“ಒತ್ತದೆ ಬಿಟ್ಟಿದೀನಾ? ಈ ಬಿಸಿಲಲ್ಲಿ ಆ ಕರಿಗಾಜಿನ ಮೇಲೆ ನಂಬರ್ ಎಲ್ಲಿ ಕಾಣುತ್ತೆ? ನನ್ನ ಮುಖ ಕಾಣುತ್ತೆ! ಸೆರಗು ಮುಚ್ಚಿ ಕತ್ತಲೆ ಮಾಡ್ಕೊಂಡು ಒತ್ತಿದೆ. ಕೈಲಿ ಸೊನೆ ಜಿಡ್ಡು, ಎರಡು ಒತ್ತಿದ್ರೆ ಮೂರು ಅಂತು, ಮೂರು ಒತ್ತಿದ್ರೆ ಆರು ಅಂತು. ಮೂರು ಸಲ ತಪ್ಪಾಯ್ತು, ಅರ್ಧ ಗಂಟೆ ನಂಬರ್ ತಗೊಳ್ಳಲ್ಲ ಅಂತ ಮಲಗಿಬಿಡ್ತು.”

“ಆ ಪುಟ್ಟ ಕೀಲಿ ಎಲ್ಲೋ?” ಎಂದಳು ಬೈರಮ್ಮ.

ಮುರಳಿಮೋಹನ ಬಾಗಿಲ ಕಡೆ ನೋಡಿದ. ಬಾಗಿಲ ಆಚೆ ಹಜಾರ, ಹಜಾರದಾಚೆ ಕೋಣೆ, ಕೋಣೆಯಲ್ಲಿ ಬೀರು.

“ಭದ್ರವಾಗಿದೆ ಅಮ್ಮ.”

“ಭದ್ರವಾಗಿರ್ದೆ ಏನು ನಾಯ್ನಾ, ಅದಕ್ಕೇ ಬೀಗ ಹಾಕಿದೆಯಲ್ಲ!”

ಕುಕ್ಕರ್ ಎಂಟನೆಯ ಸಲ ಕೂಗಿತು. “ಎಂಟು!” ಎಂದರು ಸುಬ್ಬರಾಯಪ್ಪ. ಮೂವತ್ತು ವರ್ಷ ಅಂಚೆಗೆ ಮುದ್ರೆ ಒತ್ತಿದವರು, ಲೆಕ್ಕ ತಪ್ಪುವವರಲ್ಲ.

“ಒಂದ್ಸಲ ನಿನ್ನ ಬೆರಳಿಟ್ಟು ನೋಡೋ,” ಎಂದಳು ಬೈರಮ್ಮ.

ಎದುರಿಗೆ ಬೀಗ. ಕೈಯಲ್ಲಿ ಹೆಬ್ಬೆರಳು. ನಡುವೆ ಇದ್ದದ್ದು ಒಂದು ಗೇಣು ಜಾಗ ಮತ್ತು ನಿನ್ನೆ ಸಂಜೆಯ ಒಂದು ಸುಳ್ಳು. ಮುರಳಿಮೋಹನ ಬಾಯಿ ತೆರೆಯುವ ಮೊದಲೇ ಚಂದನ ಅಡ್ಡ ಬಂದಳು.

“ಅವರ ಬೆರಳು ಸವೆದುಹೋಗಿದೆ ಅತ್ತೆ, ಪಾಪ! ಎಣ್ಣೆ ಹಚ್ಚಿದೀನಿ. ಸುಮ್ನೆ ಯಾಕೆ ನೋಯಿಸ್ತೀರಾ? ರೀ, ನೀವು ಫೋನಿಂದ ತೆಗೀರಿ, ದಿನಾ ತೆಗೆಯೋ ಹಂಗೆ.”

ಆ ‘ಪಾಪ’ ಎಂಬ ಎರಡಕ್ಷರ ಸೊನೆಗಿಂತ ಖಾರವಾಗಿ ಮುಟ್ಟಿತು. ಅವನು ಫೋನು ತೆಗೆದ. ಯುಗಾದಿಯ ಮೇಲೆ ಮುಟ್ಟಿರದ ಆ ಆ್ಯಪ್ ಕಣ್ಣುಜ್ಜಿಕೊಂಡು ಎದ್ದು, ತಾನು ಹಳೆಯದಾಗಿರುವುದಾಗಿಯೂ, ಹೊಸದನ್ನು ಇಳಿಸಿಕೊಳ್ಳದೆ ಒಂದು ಹೆಜ್ಜೆಯೂ ಮುಂದಿಡುವುದಿಲ್ಲವೆಂದೂ ತಿಳಿಸಿತು.

“ದಿನಾ ತೆಗೀತೀರಲ್ಲ, ಇವತ್ತೇ ಹಳೇದಾಯ್ತಾ?”

“ಇವತ್ತು ಬೆಳಗ್ಗೆನೇ ಆಗಿರ್ಬೇಕು ಕಣೇ. ಈ ಕಾಲದಲ್ಲಿ ಎಲ್ಲಾ ಬೇಗ ಹಳೇದಾಗುತ್ತೆ.”

ಒಂಬತ್ತನೆಯ ಕೂಗಿನ ಹೊತ್ತಿಗೆ ಹೊಸದು ಇಳಿಯಿತು. ಇಳಿದದ್ದೇ, “ನೀವು ಮನುಷ್ಯರೆಂದು ಖಚಿತಪಡಿಸಿ” ಎಂದು ಇಂಗ್ಲಿಷಿನಲ್ಲಿ ಕೇಳಿತು.

“ಅದು ನನಗೂ ತಿಳೀಬೇಕಾಗಿದೆ,” ಎಂದಳು ಚಂದನ. ಅವಳ ಧ್ವನಿಯಲ್ಲಿ ಪಾಪದ ಪ್ರಮಾಣ ಕೊಂಚ ಇಳಿದಿತ್ತು.

ಖಚಿತಪಡಿಸುವ ವಿಧಾನ ಹೀಗೆ: ಅಂಚೆಚೀಟಿಯಷ್ಟಗಲದ ಒಂಬತ್ತು ಮಸುಕು ಚಿತ್ರಗಳಿವೆ. ಅವುಗಳಲ್ಲಿ ಟ್ರಾಫಿಕ್ ದೀಪ ಇರುವುದನ್ನೆಲ್ಲ ಒತ್ತಬೇಕು. ಉರಿಬಿಸಿಲಿನಲ್ಲಿ ಫೋನಿನ ಮೇಲೆ ಮೂರು ತಲೆ ಬಾಗಿದವು. ಸುಬ್ಬರಾಯಪ್ಪನವರು ಕನ್ನಡಕ ಏರಿಸಿದರು.

“ಇದು ದೀಪ. ಇದೂ ದೀಪ. ಇದು ಬರೀ ಕಂಬ. ಕಂಬ ದೀಪದಲ್ಲಿ ಸೇರುತ್ತೋ ಇಲ್ವೋ?”

“ಕಂಬ ಇಲ್ದೆ ದೀಪ ನಿಲ್ಲುತ್ತಾ ಸುಬ್ಬರಾಯಣ್ಣ? ಒತ್ತಿಬಿಡ್ತೀನಿ.”

ಒತ್ತಿದ. ತಪ್ಪು. ಇನ್ನೊಂಬತ್ತು ಚಿತ್ರ ಬಂದವು. ಈ ಸಲ ಕಂಬ ಬಿಟ್ಟ. ಅದೂ ತಪ್ಪು.

“ನನ್ನ ಅಡುಗೆಮನೆ ಉರಿಯೋ ಹೊತ್ತಲ್ಲಿ ಯಾವುದೋ ಊರಿನ ಕಂಬ ಎಣಿಸ್ಕೊಂಡು ಕೂತಿದೀರಲ್ರೋ!” ಎಂದು ಬೈರಮ್ಮ ಕೂಗಿದಳು. “ಇದನ್ನ ಮಾಡಿದೋನು ಯಾವತ್ತಾದ್ರೂ ಒಲೆ ಮೇಲೆ ಏನಾದ್ರೂ ಇಟ್ಟಿದಾನೇನೋ ಕೇಳು!”

“ಪಾತ್ರೆ ತೊಳೆದಿದಾನೇನೋ ಅದನ್ನೂ ಕೇಳಿ,” ಎಂದು ಚಂದನ ಸೇರಿಸಿದಳು.

ಮೂರನೆಯ ಪ್ರಯತ್ನಕ್ಕೆ ಮುರಳಿಮೋಹನ ಮನುಷ್ಯನೆಂದು ತೀರ್ಮಾನವಾಯಿತು. ಅವನು ಹಣೆಯ ಬೆವರು ಒರೆಸಿಕೊಂಡ. ಆ್ಯಪ್ ಮತ್ತೆ ಹೇಳಿತು: ನೀವು ನೋಂದಾಯಿಸಿದ ಫೋನಿಗೆ ಗುಪ್ತ ಸಂಖ್ಯೆ ಕಳುಹಿಸಿದ್ದೇವೆ, ಅದನ್ನು ಇಲ್ಲಿ ಬರೆಯಿರಿ.

ಮುಚ್ಚಿದ ಬಾಗಿಲ ಹಿಂದಿನಿಂದ, ಅಡುಗೆಮನೆಯ ದಿಕ್ಕಿನಿಂದ, ‘ಟಿಂಗ್’ ಎಂಬ ಶಬ್ದ ಸ್ಪಷ್ಟವಾಗಿ ಕೇಳಿಸಿತು.

ಎಲ್ಲರೂ ಮುರಳಿಮೋಹನನ ಕಡೆ ತಿರುಗಿದರು.

“ಜಾಹೀರಾತಿನೋರ ಕಾಟ ತಪ್ಪಲಿ ಅಂತ… ನಿನ್ನ ನಂಬರ್ ಕೊಟ್ಟಿದ್ದೆ ಕಣೇ.”

ಕುಕ್ಕರ್ ಹನ್ನೊಂದನೆಯ ಸಲ ಕೂಗಿತು. ಅದು ಹಿಂದಿನ ಹತ್ತರ ಹಾಗಿರಲಿಲ್ಲ. ಒಣಗಿದ ಗಂಟಲಿನಿಂದ ಹೊರಟ ಕೀರಲು. ಆಮೇಲೆ ಕೂಗು ನಿಂತೇಹೋಯಿತು. ಒಂದು ನಿಮಿಷ ಕಳೆಯಿತು. ಎರಡು ಕಳೆಯಿತು. ಅಷ್ಟು ಹೊತ್ತೂ ಕೂಗು ಎಣಿಸುತ್ತಿದ್ದ ಸುಬ್ಬರಾಯಪ್ಪನವರಿಗೆ ಈಗ ಎಣಿಸಲು ಏನೂ ಇಲ್ಲದೆ ಮುಖ ಬಿಳಿಚಿತು. ಕಿಟಕಿಯ ಸರಳುಗಳ ನಡುವಿನಿಂದ ಬೇಳೆ ಸೀದ ವಾಸನೆ ಹೊರಬಂತು.

“ನೀರು ಇಂಗಿಹೋಯ್ತು,” ಎಂದಳು ಚಂದನ ಸಣ್ಣ ದನಿಯಲ್ಲಿ. “ರೀ, ಇನ್ನು ಅದು ಸಿಡಿಯುತ್ತೆ.”

“ಹಾರೆ ತರ್ತೀನಿ, ಬಾಗಿಲು ಮೀಟೋಣ!” ಎಂದು ಸುಬ್ಬರಾಯಪ್ಪ ಎದುರುಮನೆಗೆ ಓಡಿದರು.

ಬೈರಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಅದು ತೇಗದ ಬಾಗಿಲು. ಚನ್ನರಾಯಪ್ಪ ಯಲ್ದೂರಿನ ಬಡಗಿಯನ್ನು ಮನೆಯಲ್ಲೇ ಇಟ್ಟುಕೊಂಡು ಎರಡು ತಿಂಗಳು ಮಾಡಿಸಿದ್ದು. ಅದರ ಒಂದೊಂದು ಹೂವಿನ ಕೆತ್ತನೆಯೂ ಅವಳ ಅಂಗೈಗೆ ಗೊತ್ತು.

“ಮೀಟು ಮುರಳಿ. ಮನೆ ಉಳೀಲಿ, ಬಾಗಿಲು ಹೋದ್ರೆ ಹೋಗ್ಲಿ,” ಎಂದು ಪಕ್ಕಕ್ಕೆ ಸರಿದಳು. ಸರಿಯುವಾಗ ಬಾಗಿಲನ್ನೊಮ್ಮೆ ಸವರಿದಳು.

ಹಾರೆ ಬಂತು. ಸುಬ್ಬರಾಯಪ್ಪ ಅದರ ಮೊನೆಯನ್ನು ಬಾಗಿಲ ಸಂದಿಗೆ ಕೊಟ್ಟರು. ಕೆತ್ತನೆಯ ಅಂಚಿನಿಂದ ಒಂದು ಚಕ್ಕೆ ಚಟ್ಟೆಂದು ಹಾರಿತು.

“ನಿಲ್ಲಿ!” ಎಂದು ಮುರಳಿಮೋಹನ ಅರಚಿದ.

ಹೆಗಲ ಟವಲ್ ಎಳೆದು ಬೀಗದ ಮೇಲೆ ಹೊದಿಸಿದ. “ಬಿಸಿಲಿಗೆ ಬೀಗ ಕಾದಿದೆ. ಕೊಂಚ ನೆರಳು ಕೊಟ್ರೆ ನಂಬರ್ ತಗೊಳ್ಳುತ್ತೇನೋ. ಎಲ್ರೂ ಹಿಂದೆ ಸರೀರಿ. ಇದು ಮಂಡಿಯೋರ ವಿದ್ಯೆ!” ಎಂದು ಬೆನ್ನು ತಿರುಗಿಸಿ, ಟವಲಿನ ಕೆಳಗೆ ಕೈ ತೂರಿಸಿದ. ಅಪ್ಪನ ಕಾಲದ ವ್ಯಾಪಾರ ಇದೇ ಟವಲಿನ ಕೆಳಗೆ ನಡೆದದ್ದು. ಯಾವ ಬೆರಳು, ಎಷ್ಟು ಒತ್ತು, ಹೊರಗಿನವರಿಗೆ ಒಂದೂ ತಿಳಿಯುತ್ತಿರಲಿಲ್ಲ. ಇವನದೂ ತಿಳಿಯಬಾರದು. ಮೆಲ್ಲಗೆ, ಗಾಳಿ ಸೋಕಿದಷ್ಟು ಮೆಲ್ಲಗೆ, ಹೆಬ್ಬೆರಳಿಟ್ಟ.

ಅಪ್ಪನ ಕಾಲದ ವ್ಯಾಪಾರಿಗಳಿಗೂ ಈ ಬೀಗಕ್ಕೂ ಒಂದೇ ವ್ಯತ್ಯಾಸ. ಅವರು ಬಾಯಿ ಬಿಡುತ್ತಿರಲಿಲ್ಲ.

“ವೆಲ್‌ಕಮ್, ಮುರಾಲಿ ಮೋಹಾನ್!”

ಇಡೀ ಬೀದಿಗೆ ಕೇಳುವಂತೆ ಹೇಳಿ, ಬೀಗ ಬಾಗಿಲು ತೆರೆಯಿತು.

ಚಂದನ ಬಾಣದಂತೆ ಒಳಗೆ ಓಡಿ ಒಲೆ ಆರಿಸಿದಳು. ಮನೆ ಉಳಿಯಿತು. ಬಸ್ಸಾರಿಗೆಂದು ಇಟ್ಟಿದ್ದ ತೊಗರಿಬೇಳೆ ಮಾತ್ರ ಕುಕ್ಕರಿನ ತಳಕ್ಕೆ ಡಾಂಬರಿನಂತೆ ಅಂಟಿತ್ತು. ಆ ಕುಕ್ಕರ್ ಮದುವೆಯಲ್ಲಿ ಅವಳ ತವರಿನವರು ಕೊಟ್ಟದ್ದು. ತಣ್ಣೀರು ಸುರಿದು, ಆರಿಸಿ, ಅದನ್ನು ಎರಡು ಕೈಯಲ್ಲಿ ಹಿಡಿದು ಅವಳು ಜಗಲಿಗೆ ಬಂದಳು.

“ಕೊಬ್ಬರಿ ಎಣ್ಣೆ ಗುಣ ಕಣೇ,” ಎಂದ ಮುರಳಿಮೋಹನ. “ಒಂದೇ ದಿನಕ್ಕೆ ಗೆರೆ ಎಲ್ಲ ಬಂದುಬಿಟ್ಟಿದೆ ನೋಡು!”

ಬೈರಮ್ಮ ಮಗನ ಕೈ ಹಿಡಿದಳು. ಅವಳ ಕಣ್ಣು ಅಷ್ಟಕ್ಕಷ್ಟೆ, ಬೆರಳು ಒರಟು, ಆದರೆ ಸವರಿ ತಿಳಿಯುವುದರಲ್ಲಿ ಅವಳು ಚನ್ನರಾಯಪ್ಪನ ಹೆಂಡತಿ. ಮಗನ ಹೆಬ್ಬೆರಳನ್ನು ತನ್ನ ಮುಂಗೈಯ ಮೇಲೆ ಒಂದು ಸಲ ಉಜ್ಜಿಕೊಂಡಳು.

“ಹುಟ್ಟಿದ ದಿನ ಮುಟ್ಟಿ ನೋಡಿದ್ದೆ. ಹಂಗೇ ಇಟ್ಕೊಂಡಿದೀಯಲ್ಲೋ ನಾಯ್ನಾ!”

ಸುಬ್ಬರಾಯಪ್ಪನವರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಹಾರೆ ಎತ್ತಿಕೊಂಡು, ಕೆಮ್ಮುತ್ತಲೇ ಬೀದಿ ದಾಟಿದರು. ಎದುರುಮನೆಯ ಬಾಗಿಲು ಮುಚ್ಚಿದ ಮೇಲೆ ಒಳಗಿಂದ ಕೇಳಿಸಿದ್ದು ಕೆಮ್ಮಲ್ಲ.

ಚಂದನ ಸುಟ್ಟ ಕುಕ್ಕರನ್ನು ಗಂಡನ ಬಲಕ್ಕಿಟ್ಟಳು. ಒಳಗಿಂದ ಈಳಿಗೆಮಣೆ ತಂದು ಎಡಕ್ಕಿಟ್ಟಳು.

“ಮೊದಲು ಕಾಯಿ. ಆಮೇಲೆ ಕುಕ್ಕರ್. ಕೂತ್ಕೊಳ್ಳಿ.”

“ಮಂಡಿಯಲ್ಲಿ ಕ್ರೇಟು…”

“ಆ ಕಡೆದು ಆ ಕಡೆ, ಈ ಕಡೆದು ಈ ಕಡೆ ಅಂತ ಮುನಿಯಲ್ಲಮ್ಮಂಗೂ ಗೊತ್ತು.”

ಅಂದು ಮುರಳಿಮೋಹನ ಇನ್ನೂರು ಕಾಯಿ ಹೆಚ್ಚಿದ. ನೂರನೆಯದಕ್ಕೆ ಬೊಬ್ಬೆ ಎದ್ದಿತು, ನೂರೈವತ್ತನೆಯದಕ್ಕೆ ಒಡೆಯಿತು. ಕುಕ್ಕರಿನ ತಳವನ್ನು ಬೂದಿ, ಹುಣಸೆಹಣ್ಣು, ತೆಂಗಿನನಾರು ಹಾಕಿ ಮೂರು ದಿನ ತಿಕ್ಕಿದ. ಅಷ್ಟರಲ್ಲಿ, ಅಳಿಯಂದಿರು ಕಾಯಿ ಹೆಚ್ಚುತ್ತಿದ್ದಾರೆಂಬ ಅಪರೂಪದ ಸುದ್ದಿ ಸುಗಟೂರಿಗೆ ಮುಟ್ಟಿ, ಅತ್ತೆಮನೆಯಿಂದ ಬಸ್ಸಿನಲ್ಲಿ ಒಂದು ಮೂಟೆ ಹುಳಿಮಾವು ಬಂದಿಳಿಯಿತು. ಜೊತೆಗೆ ಒಂದು ಮಾತೂ ಬಂದಿತ್ತು: ಹೋಳು ಒಂದೇ ಸಮ ಇರಲಿ.

ಒಂದು ವಾರ ಕಳೆದಿತ್ತು. ಮಧ್ಯಾಹ್ನ ಊಟಕ್ಕೆಂದು ಮುರಳಿಮೋಹನ ಮನೆಗೆ ಬಂದ. ಬಾಗಿಲು ಮುಚ್ಚಿತ್ತು. ಕೆತ್ತನೆಯಲ್ಲಿ ಚಕ್ಕೆ ಹಾರಿದ ಜಾಗವನ್ನು ನೋಡದ ಹಾಗೆ ನಟಿಸಿ, ಹೆಬ್ಬೆರಳಿಟ್ಟ.

“ಸಾರಿ! ಪ್ಲೀಸ್ ಟ್ರೈ ಎಗೇನ್!”

ಪಂಚೆಗೆ ಒರೆಸಿಕೊಂಡು ಮತ್ತೆ ಇಟ್ಟ. ಊದಿ ಇಟ್ಟ. ತೋರುಬೆರಳಿಟ್ಟ. ಎಡಗೈಯದನ್ನಿಟ್ಟ. ಬೀಗದೊಳಗಿನ ಹೆಂಗಸು ಪ್ರತಿಯೊಂದಕ್ಕೂ ಅಷ್ಟೇ ವಿನಯದಿಂದ ಕ್ಷಮೆ ಕೇಳಿದಳು. ಬಿಸಿಲು ನೆತ್ತಿ ಸುಡುತ್ತಿತ್ತು. ಕರಿಗಾಜಿನಲ್ಲಿ ನಂಬರ್ ಕಾಣಲಿಲ್ಲ, ಅವನ ಮುಖ ಕಂಡಿತು.

“ಯಾರೋ ಅದು?” ಎಂದಿತು ಒಳಗಿಂದ ಬೈರಮ್ಮನ ದನಿ.

“ನಾನಮ್ಮ, ಮುರಳಿ. ನನ್ನ ಬೆರಳು ಸವೆದುಹೋಗಿದೆ. ಬೀಗ ಗುರುತು ಹಿಡೀತಿಲ್ಲ.”

“ಈ ಮಾತು ಹೋದ ವಾರಾನೂ ಕೇಳಿದ್ದೆ.”

“ಈ ಸಲ ನಿಜ ಅಮ್ಮ! ದೇವರಾಣೆ!”

ಒಳಗಿನಿಂದ ಬಾಗಿಲು ಎರಡು ಬೆರಳಷ್ಟು ತೆರೆಯಿತು. ಬೈರಮ್ಮ ನಿಂತಿದ್ದಳು. ಬೀರುವಿನಲ್ಲಿ ಭದ್ರವಾಗಿದ್ದ ಆ ಪುಟ್ಟ ಕೀಲಿ, ದಾರ ಕಟ್ಟಿಸಿಕೊಂಡು, ಅವಳ ಸೊಂಟದಲ್ಲಿ ನೇತಾಡುತ್ತಿತ್ತು. ಅವಳು ಸಂದಿಯಿಂದ ಕೈ ಚಾಚಿದಳು. ಮಗನ ಹೆಬ್ಬೆರಳನ್ನು ಹಿಡಿದು, ಸುಲಿದ ಸಿಪ್ಪೆಯನ್ನೂ ಒಡೆದ ಬೊಬ್ಬೆಯನ್ನೂ ನಿಧಾನವಾಗಿ ಸವರಿದಳು.

“ಹೂಂ. ಈ ಮನೆಯೋರ ಬೆರಳೇ. ಒಳಗೆ ಬಾ.”